ಸೂಟ್ ಹಾಕಿದ್ದಾರೆ

‘ನಿಮ್ಮ ಮೇಲೆ ಸೂಟ್ ಹಾಕಿದ್ದಾರೆ’
ಅಂದ ವಕೀಲರ ಗುಮಾಸ್ತ.
ಅಪ್ಪ ತಲೆ ಎತ್ತಲಿಲ್ಲ.
ಬಾಯಲ್ಲಿ ನಾಲ್ಕು ಗುಂಡುಸೂಜಿ,
ಕೈಯಲ್ಲಿ ಬೆಂದೂರಿನ ಮದುಮಗನ ಒಂದು ತೋಳು.
‘ಹಾಕಲಿ. ಅಳತೆ ಯಾರು ತೆಗೆದದ್ದು?’

ಫಳ್ನೀರಿನ ಇಳಿಜಾರು, ಹಂಚಿನ ಮಾಡು,
ಮೂವತ್ತೆಂಟು ವರ್ಷ.
ಆ ಶಬ್ದವೇ ನಮ್ಮ ಗಂಜಿ, ನಮ್ಮ ಶಾಲೆ ಫೀಸು.
ರೋಸಿನ ಮರುದಿನಕ್ಕೆ ಕಪ್ಪು ಸೂಟು,
ದುಬಾಯಿಯ ಇಂಟರ್‌ವ್ಯೂಗೆ ಬೂದು.
ಒಮ್ಮೆ ರಾತ್ರಿ ಎರಡಕ್ಕೆ ಬಾಗಿಲು ಬಡಿದರು,
ಲಿಗೋರಿ ಸಲ್ದಾನ್ಹರ ಮನೆಯವರು.
ತಣ್ಣಗೆ ಮಲಗಿದವರಿಗೆ ಮದುವೆಯ ಸೂಟು ಬಿಗಿ.
ಅಪ್ಪ ಕೋಟಿನ ಬೆನ್ನನ್ನು ಕೊರಳಿಂದ ಕೆಳತನಕ ಸೀಳಿ
ಎದುರಿನಿಂದ ತೊಡಿಸಿ,
ಅಂಚು ಒಳಗೆ ಮಡಚಿ,
ಒಂದೊಂದೇ ಗುಂಡಿ ಹಾಕಿದರು.
‘ಎಷ್ಟು ಚಂದ ಸೂಟ್ ಆಗ್ತದೆ ಇವರಿಗೆ’
ಅಂದರಂತೆ ಹೆಂಡತಿ.
ಹಿಂದೆ ಎಂತ ಉಂಟೆಂದು ಗೊತ್ತಿದ್ದದ್ದು
ಮಲಗಿದವರಿಗೆ, ಅಪ್ಪನಿಗೆ.
ಅದರ ಮಜೂರಿ ಪುಸ್ತಕದಲ್ಲಿ ಬರೆದಿಲ್ಲ.

ಸೂಟ್ ಆಗುವುದು, ಅದು ಬೇರೆಯೇ.
ಚಿಕ್ಕಪ್ಪನಿಗೆ ಬೊಂಬಾಯಿಯ ನೀರು ಸೂಟ್ ಆಗಲಿಲ್ಲ,
ಸೂಟ್‌ಕೇಸಿನಲ್ಲಿ ಮದ್ದಿನ ಬಾಟ್ಲಿ ತುಂಬಿಸಿಕೊಂಡು ಬಂದ.
ಅಕ್ಕನಿಗೆ ಕಾಪುವಿನ ಸಂಬಂಧ ಸೂಟ್ ಆಗಲಿಲ್ಲ.
ಯಾಕೆಂದು ಯಾರೂ ಕೆದಕಲಿಲ್ಲ;
ಎಷ್ಟು ಬಿಚ್ಚಿ ಹೊಲಿದರೂ ಕೆಲವು ಕೂರುವುದಿಲ್ಲವೆಂದು
ನಮ್ಮ ಮನೆಗೆ ಗೊತ್ತು.

ಶನಿವಾರ ರಾತ್ರಿ ಶಟರ್ ಅರ್ಧ ಎಳೆದು ಇಸ್ಪೀಟು.
ಅಪ್ಪ, ಬೇಕರಿಯ ಹಸನಬ್ಬ, ಕಟ್ಟಡದ ಧಣಿ ವಾಮನ ಪ್ರಭು.
ಆಟೀನು ಬಿದ್ದರೆ ಆಟೀನೇ ಹಾಕಬೇಕು,
ಕಳಾವರಿಗೆ ಕಳಾವರ್.
‘ಕೈಯಲ್ಲಿಟ್ಟುಕೊಂಡು ಸೂಟ್ ಮುರಿಯಬಾರದು’
ಎನ್ನುತ್ತಿದ್ದರು ಧಣಿ, ಎರಡು ರೂಪಾಯಿಯ ಆಟಕ್ಕೂ
ಲೆಕ್ಕ ಇಡುತ್ತಿದ್ದ ಮನುಷ್ಯ.
ಅವರು ತೀರಿದ ಮೂರನೇ ತಿಂಗಳು
ಮಗ ತುರುಪು ಇಳಿಸಿದ:
ಜಾಗ ಬಿಡಿ, ಹೋಟೆಲು ಕಟ್ಟಲಿಕ್ಕುಂಟು,
ಹದಿನಾರು ಸೂಟ್ ರೂಮು.
‘ಬಟ್ಟೆ ಇಡುವ ಕೋಣೆಯಾ?’
ಅಲ್ಲ ಅಪ್ಪ, ಅದಕ್ಕೆ ಬೇರೆ ಸ್ಪೆಲ್ಲಿಂಗು,
ಸರಿಯಾಗಿ ಹೇಳಿದರೆ ಸ್ವೀಟ್.
‘ಸರಿ, ಸಿಹಿ ಅವನಿಗೆ.’

ದಾವೆಯ ಕಾಗದ ಓದಿ ಹೇಳಿದೆ.
ಮೇಲೆಯೇ ಒರಿಜಿನಲ್ ಸೂಟ್ ಎಂದುಂಟು, ನಂಬರು ಉಂಟು.
ಅಪ್ಪ ನಕ್ಕರು:
‘ಸೂಟಿನಲ್ಲಿ ಒರಿಜಿನಲ್ ಎಂಬುದಿಲ್ಲ ಮಾರಾಯ್ತಿ,
ಎಲ್ಲವೂ ಇನ್ನೊಬ್ಬ ಹಾಕಿದ್ದು ನೋಡಿ ಹೊಲಿಸಿದ್ದು.’

ಕೋರ್ಟಿಗೆ ಬಿಳಿ ಮುಂಡು, ಬಿಳಿ ಶರ್ಟು,
ಕೊರಳಲ್ಲಿ ಮರೆತು ಬಂದ ಅಳತೆಯ ಟೇಪು.
ಡವಾಲಿಯವನು ಗದರಿಸಿ ತೆಗೆಸಿದ.
ಎದುರು ಪಾರ್ಟಿಯ ವಕೀಲರು ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ.
ಅಪ್ಪ ಕಣ್ಣು ಕೀಳದೆ ನೋಡುತ್ತಿದ್ದರು.
ಹೊರಗೆ ಬಂದು ಅಂದರು,
‘ಅವರ ಕೇಸು ಗಟ್ಟಿ ಇದ್ದೀತು.
ಬಲಭುಜ ಮಾತ್ರ ಅರ್ಧ ಇಂಚು ಇಳಿದಿದೆ.’

ಅಜ್ಜಿಗೆ ಕಿವಿ ಮಂದ.
‘ಸೂಟೆಯಾ ಮಗಾ? ಯಾರು ಹಚ್ಚಿದ್ದು?’
ತಾಳಿಪಾಡಿಯ ಮಗ್ಗದ ಮನೆಯಿಂದ
ನೇಯ್ದ ಸೀರೆಯ ಕಟ್ಟು ತಲೆಯ ಮೇಲೆ,
ಮೊದಲ ಬಸ್ಸಿಗೆ, ಗದ್ದೆಯ ಹುಣಿಯಲ್ಲಿ,
ತೆಂಗಿನ ಒಣಗರಿಯ ಸೂಟೆ ಬೀಸುತ್ತ ನಡೆದವಳು.
‘ಸುಮ್ಮನೆ ಹಿಡಿದರೆ ನಂದುತ್ತದೆ.
ಜೋರು ಬೀಸಿದರೆ
ದಾರಿಗಿಂತ ಮೊದಲು ಗರಿ ಮುಗಿಯುತ್ತದೆ.’
ಐನೂರು ಫೀಸು ಕೊಟ್ಟ ವಕೀಲರು
ಇಷ್ಟು ಬಿಡಿಸಿ ಹೇಳಿರಲಿಲ್ಲ.

ಮುಂದಿನ ವಾಯಿದೆ ಜೂನ್ ಹದಿನೇಳು.
ಗೂಟದಲ್ಲಿ ಒಂದು ನೀಲಿ ಸೂಟು,
ಹನ್ನೊಂದು ವರ್ಷದಿಂದ ಕೇಳಿ ಬಂದವರಿಲ್ಲ.
ಚೀಟಿಯಲ್ಲಿ ಹೆಸರು ಅಳಿಸಿದೆ,
ಸೊಂಟ ಮೂವತ್ತನಾಲ್ಕು ಉಳಿದಿದೆ.
ಕರೆಂಟು ಹೋಗಿದೆ.
ಅಪ್ಪ ಹಳೆಯ ಕಾಲುಮೆಷಿನಿಗೆ ಕುಳಿತಿದ್ದಾರೆ,
ತುಳಿಯುತ್ತಿದ್ದಾರೆ,
ಜೋರಾಗಿ ಅಲ್ಲ.